ಉಲ್ಟಾ ಅಚ್ಚಾದ ಹಾಡು

ಬನಶಂಕರಿ ಜಾತ್ರೆಯ ಟೆಂಟಿನಲ್ಲಿ ಹಾಡು ಬಂದರೆ ಪರದೆಯತ್ತ ಚಿಲ್ಲರೆ ತೂರುತ್ತಿದ್ದುದನ್ನು ಗುಡೂರಿನ ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಅಮೆರಿಕದವರು ಲೆಕ್ಕದಲ್ಲಿ ಚುರುಕು: ಮೊದಲು ಚಿಲ್ಲರೆ, ಆಮೇಲೆ ಹಾಡು. 1940ರಲ್ಲಿ ಶಿಕಾಗೋದ ಮಿಲ್ಸ್ ನಾವೆಲ್ಟಿ ಕಂಪನಿ ‘ಪ್ಯಾನೊರಾಮ್’ ಎಂಬ ಮರದ ಪೆಟ್ಟಿಗೆ ತಂದಿತು. ಹತ್ತು ಸೆಂಟ್ ಹಾಕಿದರೆ ಸುಮಾರು ಮೂರು ನಿಮಿಷದ ಹಾಡಿನ ಚಿತ್ರ. ಅದರ ಹೆಸರು ‘ಸೌಂಡಿ’. ಒಂದು ರೀಲಿನಲ್ಲಿ ಎಂಟು ಹಾಡು. ಆರಿಸುವಂತಿಲ್ಲ, ಸರದಿಗೆ ಬಂದದ್ದೇ ಗತಿ.

ಪೆಟ್ಟಿಗೆಯೊಳಗೆ ಜಾಗ ಸಾಲದ್ದಕ್ಕೆ ಬೆಳಕನ್ನು ಕನ್ನಡಿಗಳಿಂದ ತಿರುಗಿಸಿ ಪರದೆಯ ಹಿಂದಿನಿಂದ ಬಿಡುತ್ತಿದ್ದರು. ಎಡಬಲ ಅದಲುಬದಲಾಗುವುದರಿಂದ ಚಿತ್ರವನ್ನೇ ಉಲ್ಟಾ ಅಚ್ಚು ಹಾಕುತ್ತಿದ್ದರು. ಇಂದು ಸಾಮಾನ್ಯ ಪ್ರೊಜೆಕ್ಟರಿನಲ್ಲಿ ಹೆಸರುಗಳು ತಿರುಗುಮುರುಗಾಗಿ ಕಂಡರೆ ಸಂಗ್ರಾಹಕ ಬೇಸರಪಡುವುದಿಲ್ಲ, ಹಿಗ್ಗುತ್ತಾನೆ. ಪೆಟ್ಟಿಗೆಗೆಂದೇ ಮಾಡಿದ ಪ್ರತಿ ಸಿಕ್ಕಿತಲ್ಲ!

ಸಿನೆಮಾದಿಂದ ಹಾಡು ಕತ್ತರಿಸಿಕೊಂಡರೆ ಆಗದೇ? ಆಗದು. 16 ಮಿ.ಮೀ. ಫಿಲ್ಮಿನ ಒಂದಂಚಿಗೆ ತೂತುಗಳು, ಇನ್ನೊಂದಂಚಿಗೆ ಧ್ವನಿಯ ಪಟ್ಟಿ. ಆ ಪಟ್ಟಿಯನ್ನು ಹಾದ ಬೆಳಕಿನ ಏರಿಳಿತವನ್ನು ದ್ಯುತಿಕೋಶ ವಿದ್ಯುತ್ತಾಗಿಸುತ್ತದೆ, ಅದೇ ಸ್ಪೀಕರಿನಲ್ಲಿ ದನಿ. ಚಿತ್ರ ಸೆಕೆಂಡಿಗೆ 24 ಸಲ ನಿಂತು ನಿಂತು ಸಾಗಬೇಕು, ದನಿಯೋ ನಿಲ್ಲದೆ ಹರಿಯಬೇಕು. ಹಾಗಾಗಿ ಪ್ರತಿ ಚಿತ್ರದ ದನಿಯನ್ನು 26 ಚೌಕಟ್ಟು ಮುಂದೆಯೇ ಅಚ್ಚು ಹಾಕಿರುತ್ತಾರೆ. ಕತ್ತರಿ ಹಾಕಿದರೆ ಹಾಡಿನ ಮೊದಲ ಸೆಕೆಂಡು ಮೂಕ, ಕೊನೆಗೆ ಮುಂದಿನ ದೃಶ್ಯದ ಮಾತು. ಇಳಕಲ್ಲ ಸೀರೆಯ ಒಡಲು, ಸೆರಗುಗಳ ಹಾಸನ್ನು ಕುಣಿಕೆಯಿಂದ ಬೆಸೆಯುವ ತೋಪುತೆನಿ ಬಲ್ಲ ನಮ್ಮ ನೇಕಾರರಿಗೆ ಈ ಪೇಚು ಬಿಡಿಸಿ ಹೇಳಬೇಕಿಲ್ಲ.

ಸೌಂಡಿಯ ಬೆಲೆ ಇರುವುದು ಇಲ್ಲೇ: ಅದು ತುದಿಮೊದಲು ಇಡಿಯಾದ ಹಾಡು. 1,800ಕ್ಕೂ ಹೆಚ್ಚು ಬಂದವು. ಡ್ಯೂಕ್ ಎಲಿಂಗ್ಟನ್, ಫ್ಯಾಟ್ಸ್ ವಾಲರ್ ಅವುಗಳಲ್ಲಿ ನುಡಿಸುತ್ತಿರುವುದನ್ನು ಇಂದೂ ಕಣ್ಣಾರೆ ನೋಡಬಹುದು.

ಅದೇ ಕಾಲಕ್ಕೆ, ನಮ್ಮದೇ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ ‘ಕಿಸ್ಮತ್’ಗೆ (1943) ಹಾಡಿದ್ದರು. ನಮ್ಮಲ್ಲಿ ಹಾಡು ಕಥೆಯ ಒಳಗೇ ಕುಳಿತಿತ್ತು. ಚಿತ್ರ ಹೋದರೆ ಅದರ ದೃಶ್ಯವೂ ಹೋಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಹೋದದ್ದು ಹಾಗೆಯೇ, ಒಂದು ಪ್ರತಿಯೂ ಉಳಿದಿಲ್ಲ.

ಉಳಿದ ರೀಲುಗಳಿಗೂ ಆಯುಸ್ಸು ಗಟ್ಟಿಯಲ್ಲ. ಅಸಿಟೇಟ್ ಫಿಲ್ಮು ಸೆಕೆ, ತೇವಗಳಿಗೆ ಕೊಳೆತು ಅಸಿಟಿಕ್ ಆಮ್ಲ ಬಿಡುತ್ತದೆ, ಸೊಟ್ಟಗೆ ಸುರುಟುತ್ತದೆ. ಅದಕ್ಕೇ ಪಳಗಿದವರು ಡಬ್ಬಿಯ ಮುಚ್ಚಳ ತೆಗೆದೊಡನೆ ಕಣ್ಣಿಗಿಂತ ಮೊದಲು ಮೂಗು ಇಡುತ್ತಾರೆ: ವಿನಿಗರ್ ವಾಸನೆ ಬಂತೋ, ಇಲ್ಲವೋ.