ಕುಮಾರ ಪರ್ವತ: ಒಂದು ಹಗಲಿನ ಲೆಕ್ಕಾಚಾರ

ಮೈಸೂರಿನಿಂದ ಹೋಗಿ ಕುಮಾರ ಪರ್ವತದ ತುದಿ ಮುಟ್ಟಿ, ಕತ್ತಲಾಗುವುದರೊಳಗೆ ಕಾಡಿನಿಂದ ಹೊರಬೀಳುವುದು ಕಾಲಿನ ಕಸುವಿಗೆ ಸೇರಿದ್ದು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಪಳಗಿದ ಚಾರಣಿಗರ ಕೆಲಸ ಶುರುವಾಗುವುದು ಹಲವು ದಿನ ಮೊದಲು, ಮನೆಯ ಜಗಲಿಯಲ್ಲೋ ಊಟದ ಮೇಜಿನ ಮೇಲೋ ಹರಡಿದ ಒಂದು ನಕ್ಷೆಯ ಮುಂದೆ. ಗುಡ್ಡ ಹತ್ತುವಷ್ಟೇ ತಾಳ್ಮೆ ಈ ಕೆಲಸಕ್ಕೂ ಬೇಕು.

ಮೊದಲು ಬೆಟ್ಟದ ಪರಿಚಯ. ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಲ್ಲಿ, ದಕ್ಷಿಣ ಕನ್ನಡ ಮತ್ತು ಹಾಸನದ ಗಡಿಗೆ ತಾಗಿಕೊಂಡಂತೆ ಪುಷ್ಪಗಿರಿ ವನ್ಯಜೀವಿ ಧಾಮವಿದೆ. ಅದರ ನೆತ್ತಿಯೇ ಕುಮಾರ ಪರ್ವತ. ಎತ್ತರ 1,712 ಮೀಟರ್. ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಶಿಖರವೆಂದರೆ ತಡಿಯಂಡಮೋಳ್ ಒಂದೇ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಪುಷ್ಪಗಿರಿಯೂ ಇದೆ. ಹಿಮಾಲಯದಲ್ಲಿ ಚಾರಣಿಗರು ಶಿಖರದಡಿಯ ಸರೋವರಗಳನ್ನು ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಘಟ್ಟದ ನೆತ್ತಿಯಲ್ಲಿ ನೀರು ಹಾಗೆ ಕಣ್ಣಿಗೆ ಬೀಳುವುದು ಕಡಿಮೆ. ಹುಲ್ಲುಗಾವಲಿನ ಬೇರುಗಳಲ್ಲಿ, ಕಣಿವೆಯ ಮಡಿಲಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡಿನ ತಂಪು ಮಣ್ಣಿನಲ್ಲಿ ಮಳೆ ಇಂಗಿ, ತಿಂಗಳುಗಟ್ಟಲೆ ನಿಧಾನವಾಗಿ ಜಿನುಗುತ್ತದೆ. ಕುಮಾರಧಾರಾ ಹೊಳೆ ಹುಟ್ಟುವುದು ಹೀಗೆ. ಅದು ಮಲ್ಲಳ್ಳಿಯಲ್ಲಿ ಧುಮುಕಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ.

ಹಿಂದೆ ಈ ಬೆಟ್ಟಕ್ಕೆ ಎರಡು ದಿನ ಇಟ್ಟುಕೊಂಡು ಹೋಗುವುದು ವಾಡಿಕೆಯಾಗಿತ್ತು. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದವರು ಗಿರಿಗದ್ದೆಯ ‘ಭಟ್ಟರ ಮನೆ’ಯಲ್ಲಿ ಬಿಸಿ ಊಟ ಮಾಡಿ, ರಾತ್ರಿ ತಂಗಿ, ಮರುದಿನ ತುದಿ ಮುಟ್ಟುತ್ತಿದ್ದರು. 2024ರ ಜನವರಿಯಲ್ಲಿ ಸಾವಿರಾರು ಮಂದಿ ಒಟ್ಟಿಗೆ ಬಂದು ಸೇರಿದ ಮೇಲೆ ನಿಯಮ ಬಿಗಿಯಾಯಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಪಡೆಯಬೇಕು. ದಿನಕ್ಕೆ ಗರಿಷ್ಠ 300 ಜನ. ಬೆಟ್ಟದ ಮೇಲೆ ಗುಡಾರ ಹಾಕುವಂತಿಲ್ಲ. ನಿಯಮ ಸರಿಯಾದದ್ದೇ. ಆದರೆ ಲೆಕ್ಕ ತಪ್ಪಿದವರನ್ನು ಕಾಯುತ್ತಿದ್ದ ಆ ಒಂದು ರಾತ್ರಿ ಈಗ ಇಲ್ಲ. ಎಲ್ಲವೂ ಒಂದು ಹಗಲಿನೊಳಗೆ ಹಿಡಿಸಬೇಕು.

ದಾರಿಗಳು ಮುಖ್ಯವಾಗಿ ಎರಡು. ಕುಕ್ಕೆಯಿಂದಾದರೆ ಒಂದು ದಿಕ್ಕಿಗೆ 12–13 ಕಿಲೋಮೀಟರ್. ಮೊದಲು ದಟ್ಟ ಕಾಡು, ಗಿರಿಗದ್ದೆ ದಾಟಿದರೆ ನೆರಳಿಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಹಾವಿನ ಹೆಡೆಯಂತೆ ಬಾಗಿದ ಶೇಷ ಪರ್ವತ, ಅದನ್ನಿಳಿದು ಶೋಲಾ ಹೊಕ್ಕು ಮತ್ತೆ ಬಂಡೆ ಹತ್ತಿದರೆ ತುದಿ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಾದ್ದರಿಂದ ಏರು ಸುಮಾರು 1,600 ಮೀಟರ್. ಸೋಮವಾರಪೇಟೆ, ಶಾಂತಳ್ಳಿ, ಬೀದಳ್ಳಿ ಮೂಲಕ ಹೆಗ್ಗಡೆಮನೆಯಿಂದ ಹತ್ತಿದರೆ 6–7 ಕಿಲೋಮೀಟರ್. ಅಲ್ಲಿ ನೆಲವೇ ಎತ್ತರದಲ್ಲಿರುವುದರಿಂದ ಏರು 700 ಮೀಟರಿನ ಆಸುಪಾಸು, ಆದರೆ ಕಡಿದು.

ಈ ಅಂಕಿಗಳನ್ನು ಚಾರಣಿಗರು ಕೇಳಿ ನಂಬುವುದಿಲ್ಲ, ಅಳೆದು ನೋಡುತ್ತಾರೆ. ಅದಕ್ಕೆ ಬೇಕಾದದ್ದು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಎಂದರೆ ನೆಲದ ಏರಿಳಿತವನ್ನೂ ತೋರಿಸುವ ನಕ್ಷೆ. ಇದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಗೆರೆಗಳು ಸಮೋನ್ನತಿ ರೇಖೆಗಳು. ಒಂದು ಗೆರೆಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 20 ಮೀಟರ್ ಎತ್ತರ. ಗೆರೆಗಳು ದೂರ ದೂರವಿದ್ದರೆ ಆರಾಮದ ನಡಿಗೆ. ಒಂದಕ್ಕೊಂದು ಅಂಟಿಕೊಂಡಿದ್ದರೆ ಎದೆ ಬಡಿದುಕೊಳ್ಳುವ ಏರು. ಒಂದು ಹೊಲಿಗೆ ದಾರ ತೆಗೆದುಕೊಂಡು, ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಕಾಲುದಾರಿಯ ಪ್ರತಿ ತಿರುವಿಗೂ ದಾರವನ್ನು ಬಾಗಿಸುತ್ತಾ ಹೋಗುತ್ತಾರೆ. ಆಮೇಲೆ ದಾರವನ್ನು ನೇರ ಮಾಡಿ ಅಳತೆಪಟ್ಟಿಯ ಮೇಲಿಟ್ಟರೆ ದೂರ ಸಿಕ್ಕಿತು. ನಕ್ಷೆಯಲ್ಲಿ ಕಾಣದಷ್ಟು ಸಣ್ಣ ಸುತ್ತುಗಳೂ ಇರುವುದರಿಂದ ಐದರಲ್ಲೊಂದು ಪಾಲು ಸೇರಿಸುತ್ತಾರೆ. ಫೋನಿನಲ್ಲಿ ಎಲ್ಲವೂ ಸಿಗುವ ಈ ಕಾಲದಲ್ಲಿ ಇದು ಹಳೆಯ ಪದ್ಧತಿ ಅನ್ನಿಸಬಹುದು. ಆದರೆ ದಾರ ಬಾಗಿಸಿದ ಬೆರಳಿಗೆ ದಾರಿ ನೆನಪಿರುತ್ತದೆ.

ದೂರವನ್ನು ಗಂಟೆಯಾಗಿಸುವುದಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವಿದೆ: ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ತಣ್ಣನೆಯ ನಾಡಿನ ಗಟ್ಟಿಗರ ಲೆಕ್ಕ, ವಿಶ್ರಾಂತಿ ಸೇರಿಲ್ಲ. ನಮ್ಮ ಬಿಸಿಲಿಗೆ, ಬೆನ್ನಿನ ಚೀಲಕ್ಕೆ ಕಾಲು ಭಾಗವಾದರೂ ಕೂಡಿಸಬೇಕು. ಹಾಗೆ ನೋಡಿದರೆ ಕುಕ್ಕೆಯ ದಾರಿಯಲ್ಲಿ ಏರುವುದಕ್ಕೇ ಆರೂವರೆ ಗಂಟೆ, ಇಳಿಯಲು ಐದು. ಡಿಸೆಂಬರಿನ ಹಗಲು ಅಲ್ಲಿಗೇ ಮುಗಿಯಿತು, ಬುತ್ತಿ ಬಿಚ್ಚಲೂ ಪುರುಸೊತ್ತಿಲ್ಲ. ಹೆಗ್ಗಡೆಮನೆಯ ದಾರಿಗೆ ಏರಲು ಮೂರೂಕಾಲು, ಇಳಿಯಲು ಮೂರು. ಮೈಸೂರಿನವರಿಗೆ ಯಾವುದು ತಕ್ಕದ್ದೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಇನ್ನು ಸ್ವಂತ ಕಾಲಿನ ಪರೀಕ್ಷೆ. ಇದಕ್ಕೆ ಮೈಸೂರಿನಲ್ಲಿ ಸಿದ್ಧವಾದ ಅಳತೆಗೋಲಿದೆ: 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ಏರು ಸುಮಾರು 250 ಮೀಟರ್. ಹೆಗ್ಗಡೆಮನೆಯ ದಾರಿ ಎಂದರೆ ಮೂರು ಚಾಮುಂಡಿ ಬೆಟ್ಟ. ಕುಕ್ಕೆಯ ದಾರಿ ಆರಕ್ಕಿಂತ ಹೆಚ್ಚು. ಅನುಭವಸ್ಥರು ತಂಡದವರನ್ನೆಲ್ಲ ಒಂದು ಬೆಳಿಗ್ಗೆ ಮೆಟ್ಟಿಲುಗಳ ಬುಡಕ್ಕೆ ಕರೆದು, ಚಾರಣದ ದಿನ ಹೊರುವಷ್ಟೇ ಭಾರ ಹೊರಿಸಿ, ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸುತ್ತಾರೆ. ಮೆಟ್ಟಿಲು ದಾರಿಯ ನಂದಿ ವಿಗ್ರಹದ ಹತ್ತಿರ ಮೊದಲು ಬಂದವರಾರು ಎಂದು ಯಾರೂ ನೋಡುವುದಿಲ್ಲ. ಕೊನೆಗೆ ಬಂದವರ ಗಡಿಯಾರವನ್ನು ನೋಡುತ್ತಾರೆ. ಇಡೀ ದಿನದ ವೇಗ ಅವರದೇ.

ಆಮೇಲೆ ಗಡಿಯಾರವನ್ನು ಹಿಂದಿನಿಂದ ಮುಂದಕ್ಕೆ ಓದುವ ಕೆಲಸ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ; ಕಾಡಿನೊಳಗೆ ಐದೂವರೆಗೇ ಮಬ್ಬು. ಮೂರೂವರೆಗೆ ಕೆಳಗಿನ ಅರಣ್ಯ ಕಚೇರಿ ತಲುಪಿದರೆ ಎರಡು ಗಂಟೆ ಕೈಯಲ್ಲಿ ಉಳಿಯುತ್ತದೆ, ಯಾರದಾದರೂ ಕಾಲು ಉಳುಕಿದರೆಂದು. ಇಳಿಯಲು ಮೂರು ಗಂಟೆ ಕಳೆಯಿರಿ: ಹನ್ನೆರಡೂವರೆ. ಇದೇ ಹಿಂದಿರುಗುವ ಗಂಟೆ. ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಬೇಕು, ತುದಿ ಕಣ್ಣೆದುರಿಗಿದ್ದರೂ. ಇಡೀ ಯೋಜನೆಯಲ್ಲಿ ಬರೆಯಲು ಅತಿ ಸುಲಭವಾದದ್ದು, ಪಾಲಿಸಲು ಅತಿ ಕಷ್ಟವಾದದ್ದು ಈ ಒಂದು ಸಾಲು. ಅದನ್ನು ಮನೆಯಲ್ಲೇ, ಎಲ್ಲರ ಮುಂದೆ ಒಪ್ಪಿಸಿರುತ್ತಾರೆ. ಬೆಟ್ಟದ ಮೇಲೆ ಚರ್ಚೆಗೆ ಬಿಡುವುದಿಲ್ಲ. ಏರುವ ಹೊತ್ತನ್ನೂ, ವಿಶ್ರಾಂತಿ, ಬುತ್ತಿಯ ಹೊತ್ತನ್ನೂ ಹಿಂದಕ್ಕೆ ಎಣಿಸಿದರೆ ಏಳೂವರೆಗೆ ಹತ್ತಲು ಶುರು ಮಾಡಬೇಕು. ಅದಕ್ಕೆ ಹುಣಸೂರು, ಕುಶಾಲನಗರದ ಮೇಲೆ ಸುಮಾರು 150 ಕಿಲೋಮೀಟರ್ ದಾರಿಗೆ ಬೆಳಗಿನ ಜಾವ ಮೂರಕ್ಕೇ ಮೈಸೂರು ಬಿಡಬೇಕು. ಗಾಡಿ ಓಡಿಸುವವರೂ ಹತ್ತುವವರಾದರೆ ಹಿಂದಿನ ರಾತ್ರಿ ಸೋಮವಾರಪೇಟೆಯಲ್ಲಿ ಉಳಿಯುವುದೇ ಜಾಣತನ.

ಚೀಲದ ಭಾರದಲ್ಲಿ ನೀರಿನದೇ ದೊಡ್ಡ ಪಾಲು. ಗಂಟೆಗೆ ಅರ್ಧ ಲೀಟರಿನಂತೆ ತಲೆಗೆ ಮೂರು ಮೂರೂವರೆ ಲೀಟರ್, ಎಂದರೆ ಅಷ್ಟೇ ಕಿಲೋ. ಹೆಗ್ಗಡೆಮನೆ ದಾರಿಯ ಆರಂಭದಲ್ಲಿ ತೂಗುಸೇತುವೆಯ ಕೆಳಗೆ ಹೊಳೆಯಿದೆ, ಮೇಲಿನದನ್ನು ನೆಚ್ಚಿಕೊಂಡು ಹೋಗಬಾರದು. ಬುತ್ತಿಗೆ ಚಪಾತಿ, ಚಟ್ನಿಪುಡಿ. ಕಾಯಿಚಟ್ನಿ ಮಧ್ಯಾಹ್ನಕ್ಕೆ ಹಳಸುತ್ತದೆ. ನಡುನಡುವೆ ಬಾಯಿಗೆ ಹಾಕಿಕೊಳ್ಳಲು ಕಡಲೆಬೀಜ, ಬೆಲ್ಲ. ಮಳೆ ಹಿಂದೆಗೆದ ಹೊಸತರಲ್ಲಿ ಇಂಬಳದ ಕಾಟ. ಉದ್ದನೆಯ ಕಾಲುಚೀಲದೊಳಕ್ಕೆ ಪ್ಯಾಂಟನ್ನು ತುರುಕಿ, ಮೇಲೆ ಉಪ್ಪು ಬೆರೆಸಿದ ಬೇವಿನೆಣ್ಣೆ ಸವರುತ್ತಾರೆ. ತಲೆಗೊಂದು ಟಾರ್ಚು, ಬೇಕಾಗದಿರಲಿ ಎಂಬ ಆಸೆಯೊಂದಿಗೆ.

ಕೊನೆಯದು ಮನೆಯಲ್ಲಿ ಬಿಟ್ಟು ಹೋಗುವ ಚೀಟಿ. ಹೋಗುವವರ ಹೆಸರು, ಗಾಡಿಯ ನಂಬರು, ಯಾವ ದಾರಿ, ಯಾವ ಗಂಟೆಯೊಳಗೆ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡಬೇಕು ಎಂಬುದು ಅದರಲ್ಲಿರುತ್ತದೆ. ಬೆಟ್ಟದ ಮೇಲೆ ಮೊಬೈಲನ್ನು ನಂಬುವಂತಿಲ್ಲ.

ಮಳೆಗಾಲದಲ್ಲೂ, ಕಾಡ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲೂ ದಾರಿ ಮುಚ್ಚಿರುತ್ತದೆ. ಸಾಮಾನ್ಯವಾಗಿ ತೆರೆದಿರುವುದು ಅಕ್ಟೋಬರಿನಿಂದ ಜನವರಿಯವರೆಗೆ. ಹೋಗುವ ಮನಸ್ಸಿದ್ದವರು ದಿನ ಗೊತ್ತು ಮಾಡುವ ಮೊದಲು ಟಿಕೆಟ್ ಇದೆಯೇ ಎಂದು ಜಾಲತಾಣದಲ್ಲಿ ನೋಡಿಕೊಳ್ಳಿ.