ಕ್ಯಾಮೆರಾ ಕಂಡ ಚೈತ್ರ

ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಮುಗಿಯಿತೆಂದರೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನಸಂದಣಿ ಕರಗುತ್ತದೆ. ಗಾಜಿನ ಮನೆಯೊಳಗೆ ಹೂಗಳಿಂದ ಕಟ್ಟಿದ ಗೋಪುರ ಮಂಟಪಗಳು ಕಳಚಿಹೋಗುತ್ತವೆ. ಕುಂಡಗಳು ಗಾಡಿ ಏರುತ್ತವೆ. ಇನ್ನು ನೋಡುವಂಥದೇನೂ ಇಲ್ಲವೆಂದು ಎಷ್ಟೋ ಮಂದಿ ಆಗಸ್ಟಿನ ಪ್ರದರ್ಶನದವರೆಗೆ ಆ ಕಡೆಯ ಯೋಚನೆಯನ್ನೇ ಬಿಡುತ್ತಾರೆ. ಆದರೆ ಆ ವೇಳೆಗೇ, ಪ್ರಕಟಣೆಯಿಲ್ಲದೆ, ಬಹುಮಾನಗಳಿಲ್ಲದೆ, ಧ್ವನಿವರ್ಧಕದ ಗದ್ದಲವಿಲ್ಲದೆ ಎರಡನೆಯ ಪ್ರದರ್ಶನವೊಂದು ಅಲ್ಲಿ ಆರಂಭವಾಗುತ್ತದೆ. ಅದು ಸುಮಾರು ಮೂರು ತಿಂಗಳು ನಡೆಯುತ್ತದೆ; ಪ್ರತಿದಿನವೂ ಬದಲಾಗುತ್ತದೆ. ಅದನ್ನು ನೋಡಲು ಬೇಕಾದುದು ಬೆಳಗಿನ ಅರ್ಧ ಗಂಟೆಯ ಬಿಡುವು, ಒಂದು ಸಾಧಾರಣ ಕ್ಯಾಮೆರಾ, ಮತ್ತು ಹೋದಲ್ಲಿಗೇ ಮತ್ತೆ ಮತ್ತೆ ಹೋಗುವ ತಾಳ್ಮೆ.

ನಮ್ಮ ನಾಡಿನ ವಸಂತವು ಹಿಮದ ನಾಡಿನ ವಸಂತದಂತೆ ಡಂಗುರ ಹೊಡೆಸಿಕೊಂಡು ಬರುವುದಿಲ್ಲ. ಅಲ್ಲಿ ತಿಂಗಳುಗಟ್ಟಲೆ ಬರಿದಾಗಿದ್ದ ಮರ ಹಸುರಾಗುವುದು ಯಾರ ಕಣ್ಣಿಗೂ ತಪ್ಪುವಂತಿಲ್ಲ. ಇಲ್ಲಿಯಾದರೋ ಎಲೆ ಉದುರುವುದೂ ಎಲೆ ಚಿಗುರುವುದೂ ಒಂದರ ಬೆನ್ನಿಗೊಂದು, ಎಷ್ಟೋ ವೇಳೆ ಒಂದೇ ಮರದಲ್ಲಿ ಒಟ್ಟಿಗೇ ನಡೆಯುತ್ತವೆ. ಒಂದೇ ರಸ್ತೆಯ ಎರಡು ಅರಳಿಮರಗಳಲ್ಲಿ ಒಂದು ಬೋಳಾಗಿ ನಿಂತಿದ್ದರೆ ಇನ್ನೊಂದು ಆಗಲೇ ಹೊಸ ಬಟ್ಟೆ ಉಟ್ಟಿರುತ್ತದೆ. ಪಂಚಾಂಗದ ಪ್ರಕಾರ ಶಿಶಿರ ಮುಗಿದು ವಸಂತ ಹುಟ್ಟುವುದು ಒಂದು ದಿನ. ಮರಗಳ ಲೋಕದಲ್ಲಿ ಅವೆರಡೂ ಒಂದೇ ಕೊಂಬೆಯ ಮೇಲೆ ವಾರಗಟ್ಟಲೆ ಜೊತೆಗೆ ಸಂಸಾರ ಮಾಡುತ್ತವೆ. ಇಂಥ ಸದ್ದಿಲ್ಲದ ಬದಲಾವಣೆಯನ್ನು ಹಿಡಿಯಲು ನಮ್ಮ ನೆನಪು ಸಾಲದು. ನಿನ್ನೆ ಕಂಡದ್ದನ್ನು ಇಂದು ಕಾಣುವುದರೊಡನೆ ಇಟ್ಟು ನೋಡುವ ಸಾಧನವೊಂದು ಬೇಕು. ಛಾಯಾಚಿತ್ರ ಅಂಥ ಸಾಧನ.

ನೆಂಟರು ಮತ್ತು ಮನೆಯವರು

1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ ಬೆಳೆಸಿದ ಈ ತೋಟ ಇಂದು 240 ಎಕರೆಗಳಷ್ಟು ಹರಡಿಕೊಂಡಿದೆ. ದೂರ ದೇಶಗಳಿಂದ ಸಸಿಗಳನ್ನು ತರಿಸಿ ನೆಡುವ ಪರಿಪಾಠ ಆ ಕಾಲದಿಂದಲೂ ನಡೆದುಬಂದಿದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಅವರು, ಒಂದು ಜಾತಿಯ ಮರದ ಹೂವು ಮುಗಿಯುವ ವೇಳೆಗೆ ಇನ್ನೊಂದು ಜಾತಿ ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಅಮೆರಿಕ ಖಂಡದ ಟಬೂಬಿಯಾ ಮತ್ತು ಜಕರಂಡ, ಮಡಗಾಸ್ಕರಿನ ಗುಲ್‌ಮೊಹರ್ ಇವೆಲ್ಲ ಹೀಗೆ ಬಂದು ನಮ್ಮವಾದ ನೆಂಟರು. ನೆಂಟರೆಂದ ಮೇಲೆ ಸಿಂಗಾರ ಹೆಚ್ಚು. ಗುಲಾಬಿ ಬಣ್ಣದ ಟಬೂಬಿಯಾ ಅರಳಿದೊಡನೆ ಅದರ ಕೆಳಗೆ ಚಿತ್ರ ತೆಗೆಸಿಕೊಳ್ಳುವವರ ಸಾಲು ನಿಲ್ಲುತ್ತದೆ. ಅದು ತಪ್ಪೇನೂ ಅಲ್ಲ. ಆದರೆ ಆ ಚಿತ್ರದಲ್ಲಿ ಮರ ಹಿನ್ನೆಲೆಯ ಪರದೆಯಾಗುತ್ತದೆಯೇ ಹೊರತು ನಾಯಕನಾಗುವುದಿಲ್ಲ.

ಮನೆಯವರು ಬೇರೆ: ಹೊಂಗೆ, ಬೇವು, ಅರಳಿ, ಅತ್ತಿ, ಮಾವು, ನೇರಳೆ. ಬೇವಿನ ಹೂವು ಅಕ್ಕಿಯ ಕಾಳಿಗಿಂತ ಎಷ್ಟು ದೊಡ್ಡದು? ಅರಳಿ ಅತ್ತಿಗಳ ಹೂವಂತೂ ಕಾಯಿಯಂತೆ ತೋರುವ ಗುಂಡಿನ ಒಳಗೇ ಅಡಗಿರುತ್ತದೆ. ಹತ್ತಿರ ಹೋಗದೆ, ಎರಡು ನಿಮಿಷ ನಿಲ್ಲದೆ, ಇವುಗಳ ಉತ್ಸವ ಕಣ್ಣಿಗೆ ಬೀಳುವುದಿಲ್ಲ. ವಸಂತದ ಸಣ್ಣ ಬದಲಾವಣೆಗಳನ್ನು ಹಿಡಿಯಬೇಕೆನ್ನುವವರು ನೆಂಟರನ್ನು ಬಿಟ್ಟು ಮನೆಯವರ ಬಳಿ ಕೂರಬೇಕು.

ನುಡಿಯಲ್ಲಿರುವ ಮೆಟ್ಟಿಲುಗಳು

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ಒಂದು ಸಂತೋಷ ಕಾದಿರುತ್ತದೆ. ನಮ್ಮ ಹಿರಿಯರು ಕ್ಯಾಮೆರಾ ಇಲ್ಲದ ಕಾಲದಲ್ಲಿಯೇ ಈ ಬದಲಾವಣೆಗಳನ್ನು ಒಂದೊಂದಾಗಿ ಕಂಡು ಹೆಸರಿಟ್ಟಿದ್ದಾರೆ. ಕುಡಿ, ಚಿಗುರು, ತಳಿರು, ಎಲೆ ಎಂಬಲ್ಲಿ ನಾಲ್ಕು ಮೆಟ್ಟಿಲುಗಳಿವೆ. ನನೆ, ಮೊಗ್ಗು, ಹೂವು, ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂಬಲ್ಲಿ ಎಂಟು. ಇವು ಒಂದೇ ಅರ್ಥದ ಹಲವು ಪದಗಳಲ್ಲ. ಉಪ್ಪಿನಕಾಯಿ ಹಾಕುವ ಗೃಹಿಣಿ ಹೀಚಿಗೂ ಮಿಡಿಗೂ, ಮಿಡಿಗೂ ಕಾಯಿಗೂ ಇರುವ ಅಂತರವನ್ನು ಬೆರಳ ತುದಿಯಲ್ಲಿ ಬಲ್ಲಳು. ಒಂದು ವಾರ ತಡವಾದರೆ ಮಿಡಿ ಕೈತಪ್ಪುತ್ತದೆಂದು ಆಕೆಗೆ ಗೊತ್ತು. ಉಳಿದ ಪದಗಳು ನಮಗೆ ಪುಸ್ತಕದ ಮಾತಾಗಿವೆ. ಏಕೆಂದರೆ ಅವು ಸೂಚಿಸುವ ವಸ್ತುವನ್ನು ನಾವು ನೋಡುವುದನ್ನು ಬಿಟ್ಟಿದ್ದೇವೆ. ತೆಗೆದ ಪ್ರತಿಯೊಂದು ಚಿತ್ರದ ಕೆಳಗೆ ಈ ಪದಗಳಲ್ಲಿ ತಕ್ಕದ್ದನ್ನು ಬರೆಯಿರಿ. ಪದಕ್ಕೆ ಜೀವ ಬರುತ್ತದೆ, ಚಿತ್ರಕ್ಕೆ ಅರ್ಥ ಬರುತ್ತದೆ.

ಒಂದು ಹೊಂಗೆಯ ಕಥೆ

ಕೆಲವು ವರ್ಷಗಳಿಂದ ವಾರಕ್ಕೆರಡು ಬಾರಿ ನಾನು ಚಿತ್ರ ತೆಗೆಯುತ್ತಿರುವ ಹೊಂಗೆಯೊಂದು ಲಾಲ್‌ಬಾಗಿನ ಕೆರೆಯ ಕಡೆ ಇದೆ. ಜನವರಿಯ ಕೊನೆಗೆ ಅದರ ಎಲೆಗಳು ಚುಕ್ಕೆ ಬಿದ್ದು ಹಳದಿಯಾಗುತ್ತವೆ. ಫೆಬ್ರವರಿಯಲ್ಲಿ ಅವು ಉದುರಿ, ಹಿಂದಿನ ವರ್ಷದ ಚಪ್ಪಟೆಯಾದ ಒಣ ಕಾಯಿಗಳು ಮಾತ್ರ ಗಾಳಿಗೆ ಅಲ್ಲಾಡುತ್ತಿರುತ್ತವೆ. ದೂರದಿಂದ ನೋಡಿದವರು ಮರಕ್ಕೆ ರೋಗ ಬಂದಿದೆಯೆಂದೇ ತಿಳಿಯಬೇಕು. ಆದರೆ ಹತ್ತಿರದ ಚಿತ್ರದಲ್ಲಿ, ಉದುರಿದ ಎಲೆಯ ಗುರುತಿನ ಮೇಲೆಯೇ, ಸಾಸುವೆಯಷ್ಟು ಗಾತ್ರದ ಕುಡಿ ಕಾಣುತ್ತದೆ. ಮುಂದಿನ ಚಿತ್ರಗಳಲ್ಲಿ ಅದು ಬಿಚ್ಚಿಕೊಂಡು, ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸುರಿನ ತಳಿರಾಗುತ್ತದೆ. ಹಳೆಯ ಕಾಯಿ, ಹೊಸ ಎಲೆ ಎರಡೂ ಒಂದೇ ಚೌಕಟ್ಟಿನಲ್ಲಿ ಸಿಕ್ಕುವುದು ಆ ಕೆಲವೇ ದಿನಗಳು.

ಬಿಸಿಲು ಏರುತ್ತಿರುವಾಗ, ಮಳೆ ಇನ್ನೂ ದೂರವಿರುವಾಗ, ಈ ಮರಕ್ಕೆ ಹೊಸ ಎಲೆ ತೊಡುವ ಧೈರ್ಯ ಎಲ್ಲಿಂದ ಬಂತು? ಅದರ ಬೇರು ಆಳಕ್ಕಿಳಿದು ನೆಲದಡಿಯ ತೇವವನ್ನು ಎಳೆಯಬಲ್ಲುದು. ಆದುದರಿಂದಲೇ ಏಪ್ರಿಲ್ ಬಿಸಿಲಿಗೆ ನಾವು ಬೆಂದು ಬರುವ ವೇಳೆಗೆ ಹೊಂಗೆಯ ನೆರಳು ಸಿದ್ಧವಾಗಿರುತ್ತದೆ. ಎಲೆ ಬಲಿತೊಡನೆ ಅದರ ಮೇಲೆ ಯಾರೋ ಮಗು ಗೀಚಿದಂತೆ ಬಿಳಿಯ ಗೆರೆಗಳು ಮೂಡುತ್ತವೆ. ಎಲೆಯ ಎರಡು ಪದರಗಳ ನಡುವೆ ತಿನ್ನುತ್ತಾ ಸಾಗಿದ ಪುಟ್ಟ ಹುಳುವಿನ ದಾರಿ ಅದು. ಮಾರ್ಚ್ ಕಳೆಯುತ್ತಿದ್ದಂತೆ ಗೊಂಚಲು ಗೊಂಚಲಾಗಿ ನನೆ; ಆಮೇಲೆ ಬಿಳಿಗೆ ನಸುನೇರಳೆ ಬೆರೆತ, ಅವರೆಯ ಹೂವಿನ ಆಕಾರದ ಹೂಗಳು. ಒಂದು ಬೆಳಿಗ್ಗೆ ನೋಡಿದರೆ ಮರದ ಮೇಲಿರುವುದಕ್ಕಿಂತ ನೆಲದ ಮೇಲೆಯೇ ಹೆಚ್ಚು ಹೂ! ಜೇನುನೊಣಗಳ ಝೇಂಕಾರ ಆ ಚಿತ್ರದಲ್ಲಿ ಕೇಳದೆಂಬುದೊಂದೇ ಕೊರತೆ.

ಅರಳಿಯ ಕಥೆ ಇನ್ನೊಂದು ಬಗೆ. ಅದರ ತಳಿರು ಹುಟ್ಟುವುದು ಹಸುರಾಗಿ ಅಲ್ಲ, ತಿಕ್ಕಿದ ತಾಮ್ರದ ಬಣ್ಣದಲ್ಲಿ. ಎಳೆಯ ಎಲೆಯಲ್ಲಿ ಪತ್ರಹರಿತ್ತು ಇನ್ನೂ ಪೂರ್ತಿ ತುಂಬಿರುವುದಿಲ್ಲ. ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯವೇ ಮೇಲುಗೈಯಾಗಿರುತ್ತದೆ. ಪ್ರಖರವಾದ ಬಿಸಿಲಿನಿಂದ ಎಳೆಯ ಎಲೆಯನ್ನು ಕಾಯಲು ಇದು ನೆರವಾಗುತ್ತದೆಂದೂ, ಎಲೆ ತಿನ್ನುವ ಹುಳುಗಳನ್ನು ದೂರವಿಡುತ್ತದೆಂದೂ ಸಸ್ಯವಿಜ್ಞಾನಿಗಳು ವಿವರಿಸುತ್ತಾರೆ. ಒಂದೇ ರೆಂಬೆಯನ್ನು ಎರಡು ದಿನಕ್ಕೊಮ್ಮೆ ತೆಗೆದು ಚಿತ್ರಗಳನ್ನು ಸಾಲಾಗಿಟ್ಟರೆ, ತಾಮ್ರ ಕರಗಿ ಹಸುರಾಗುವ ರಸವಾದ ಕಣ್ಣಮುಂದೆಯೇ ನಡೆಯುತ್ತದೆ.

ತೆಗೆಯುವ ಬಗೆ

ಬೆಲೆಬಾಳುವ ಮಸೂರಗಳಿಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲು ಸಾಕು. ಪ್ರತಿಸಲವೂ ಮೂರು ಚಿತ್ರಗಳನ್ನು ತೆಗೆಯುವ ನಿಯಮವಿಟ್ಟುಕೊಳ್ಳಿ: ಇಡೀ ಮರದ್ದೊಂದು, ಆರಿಸಿಕೊಂಡ ಒಂದು ಕೊಂಬೆಯದೊಂದು, ಮರದಡಿಯ ನೆಲದ್ದೊಂದು. ಮೂರನೆಯದನ್ನು ಅಲಕ್ಷಿಸಬೇಡಿ. ಉದುರಿದ ಎಲೆ, ಬಿದ್ದ ಹೂವು, ಗಾಳಿಗೆ ಜಾರಿದ ಹೀಚು, ಬಿಳಿ ಬೂರುಗದ ಕಾಯಿ ಬಿರಿದು ತೇಲಿಬಂದ ಅರಳೆ ಎಲ್ಲವೂ ನೆಲದ ಲೆಕ್ಕದಲ್ಲಿ ಜಮೆಯಾಗಿರುತ್ತವೆ.

ನಿಲ್ಲುವ ಜಾಗ ಒಂದೇ ಆಗಿರಲಿ. ಒಂದು ಕಲ್ಲುಬೆಂಚನ್ನೋ ದಾರಿಯ ತಿರುವನ್ನೋ ಗುರುತು ಮಾಡಿಕೊಂಡರಾಯಿತು. ಹೊತ್ತೂ ಒಂದೇ ಇರಲಿ. ಎಂಟು ಗಂಟೆಯೊಳಗಿನ ಬೆಳಕು ಉತ್ತಮ. ತಳಿರನ್ನು ಸೂರ್ಯನಿಗೆ ಎದುರಾಗಿ ನಿಂತು ತೆಗೆದರೆ ಬೆಳಕು ಎಲೆಯೊಳಗಿಂದ ಸೋಸಿ ಬಂದು ನರನರವೂ ಕಾಣುತ್ತದೆ. ಅರಳಿಯ ಎಲೆಗೆ ತೊಟ್ಟು ಉದ್ದ. ಗಾಳಿ ಇಲ್ಲವೆನ್ನುವಾಗಲೂ ಅದು ನಡುಗುತ್ತಿರುತ್ತದೆ. ಬಿಸಿಲೇರಿ ಗಾಳಿ ಎದ್ದ ಮೇಲೆ ಅದರೊಡನೆ ಹೋರಾಡಿ ಪ್ರಯೋಜನವಿಲ್ಲ. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯವನ್ನು ಹಿಡಿಯಬಹುದು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವಾದುದು. ಅದರ ಮೇಲಿಂದ ಒಂದೇ ದಿಕ್ಕಿಗೆ ವಾರಕ್ಕೊಂದು ಚಿತ್ರ ತೆಗೆದವರಿಗೆ, ಮರಗಳ ನೆತ್ತಿಯ ಮೇಲೆ ಬಣ್ಣ ಹೇಗೆ ಅಲೆಯಾಗಿ ಹರಿಯುತ್ತದೆಂಬುದು ತಿಳಿಯುತ್ತದೆ.

ಕೊಂಬೆ ಬಗ್ಗಿಸಬಾರದು, ಚಿಗುರು ಚಿವುಟಬಾರದು. ಹಕ್ಕಿಯ ಗೂಡು ಕಂಡರೆ ದೂರದಿಂದಲೇ ಸರಿದುಬಿಡಬೇಕು. ಅಂಜಿದ ಹಕ್ಕಿ ಮೊಟ್ಟೆಗಳನ್ನೇ ತೊರೆದು ಹೋಗುವುದುಂಟು. ಕಾಗೆ ಕಡ್ಡಿ ಒಯ್ಯುವುದನ್ನು ಚಿತ್ರಿಸುವುದಕ್ಕೆ ಅಡ್ಡಿಯಿಲ್ಲ. ಅದೇ ಗೂಡಿನ ಮೇಲೆ ಕಣ್ಣಿಟ್ಟ ಕೋಗಿಲೆಯ ದಂಪತಿಗಳು ಹತ್ತಿರದಲ್ಲೇ ಎಲ್ಲೋ ಇರುತ್ತವೆ. ಕವಿಗಳು ಹೊಗಳಿದ ಆ ಪಂಚಮಸ್ವರ ಕೆಂಗಣ್ಣಿನ ಕರಿಯ ಗಂಡು ಹಕ್ಕಿಯದು. ಅದನ್ನು ಮೊದಲು ಕೇಳಿದ ದಿನವನ್ನು ಚಿತ್ರಗಳ ಜೊತೆಗೆ ಬರೆದಿಡಿ.

ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಮೊದಲಾದವರು ಹಕ್ಕಿಗಳ ಚಿತ್ರ ತೆಗೆದದ್ದು ಫಿಲ್ಮ್ ಸುರುಳಿಯ ಕಾಲದಲ್ಲಿ. ಒಂದು ಸುರುಳಿಗೆ 36 ಚಿತ್ರ. ಆದುದರಿಂದ ಪ್ರತಿಯೊಂದಕ್ಕೂ ಮುನ್ನ ನೋಟ ಇತ್ತು, ಯೋಚನೆ ಇತ್ತು. ಇಂದು ಚಿತ್ರಕ್ಕೆ ಖರ್ಚಿಲ್ಲ. ಸಾವಿರಗಟ್ಟಲೆ ತೆಗೆಯುತ್ತೇವೆ, ತಿರುಗಿ ನೋಡುವುದು ಹತ್ತನ್ನೂ ಇಲ್ಲ.

ತಾರೀಖಿನ ಬೆಲೆ

ಈ ಹವ್ಯಾಸದ ನಿಜವಾದ ಬೆಲೆ ಇರುವುದು ಚಿತ್ರದ ಅಂದದಲ್ಲಿ ಅಲ್ಲ, ಅದರ ತಾರೀಖಿನಲ್ಲಿ. ನಮ್ಮ ಪ್ರಾಚೀನ ಮಹಾಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಗೂ ಸ್ಥಾನವಿದೆ. ಮಾವು, ಮಲ್ಲಿಗೆ, ಕೋಗಿಲೆ, ತೆಂಕಣ ಗಾಳಿ ಯಾವುದಕ್ಕೂ ಕೊರತೆಯಿಲ್ಲ. ಆದರೆ ಯಾವ ಊರಿನಲ್ಲಿ, ಯಾವ ವರ್ಷ, ಯಾವ ದಿನ ಮಾವು ನನೆಯಿತೆಂದು ಕೇಳಿದರೆ ಕಾವ್ಯ ಮೌನ ತಾಳುತ್ತದೆ. ಅದು ಕಾವ್ಯದ ಕೆಲಸವೂ ಅಲ್ಲವೆನ್ನಿ. ಜಪಾನಿನ ಕ್ಯೋಟೋ ನಗರದಲ್ಲಿ ಮಾತ್ರ ಚೆರ್ರಿ ಹೂ ಅರಳಿದ ದಿನಗಳು ಒಂಬತ್ತನೆಯ ಶತಮಾನದಿಂದಲೂ ಅರಮನೆಯವರ ದಿನಚರಿಗಳಲ್ಲಿ ಉಳಿದುಬಂದಿವೆ. ಹೂ ನೋಡಿ ನಲಿಯಲು ಹೋದವರು ಸುಮ್ಮನೆ ಬರೆದಿಟ್ಟ ದಿನ ಅದು. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಹೂ ಪೂರ್ಣವಾಗಿ ಅರಳಿದಾಗ, ಸುಮಾರು 1200 ವರ್ಷಗಳ ದಾಖಲೆಯಲ್ಲಿ ಇಷ್ಟು ಬೇಗ ಎಂದೂ ಅರಳಿದ್ದಿಲ್ಲವೆಂದು ಹೇಳಲು ಸಾಧ್ಯವಾಯಿತು. ಭೂಮಿ ಬಿಸಿಯೇರುತ್ತಿರುವುದಕ್ಕೆ ರಸಿಕರ ದಿನಚರಿ ಸಾಕ್ಷಿಯಾಯಿತು.

ನಮಗೂ ಅಂಥ ಸಾಕ್ಷಿ ಬೇಡವೇ? ಹಬ್ಬವನ್ನು ಅಳತೆಗೋಲಾಗಿ ಹಿಡಿಯುವಂತಿಲ್ಲ. 2023ರಲ್ಲಿ ಯುಗಾದಿ ಬಂದದ್ದು ಮಾರ್ಚ್ 22ಕ್ಕೆ, 2024ರಲ್ಲಿ ಏಪ್ರಿಲ್ 9ಕ್ಕೆ. 18 ದಿನಗಳ ಅಂತರ. ಬೇವಿನ ಮರ ಪಂಚಾಂಗ ನೋಡಿ ಹೂ ಬಿಡುವುದಿಲ್ಲ. ಬಿಸಿಲನ್ನು, ನೆಲದ ತೇವವನ್ನು ನೋಡಿ ಬಿಡುತ್ತದೆ. 2024ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿಗೆ ಮಳೆಯೇ ಆಗಲಿಲ್ಲ. 28ರಂದು ಉಷ್ಣತೆ 38.5 ಡಿಗ್ರಿಗೆ ಏರಿತು. ಅಂಥ ವರ್ಷದಲ್ಲಿ ನಿಮ್ಮ ಬೀದಿಯ ಹೊಂಗೆ ಎಂದು ಹೂ ಬಿಟ್ಟಿತು, ಎಷ್ಟು ದಿನ ಹೂ ನಿಂತಿತು ಎಂಬುದಕ್ಕೆ ಹವಾಮಾನ ಕಚೇರಿಯ ಪುಸ್ತಕದಲ್ಲಿ ಉತ್ತರವಿಲ್ಲ. ಆ ಮರದ ಕೆಳಗೆ ನಿಂತು ಚಿತ್ರ ತೆಗೆದವರ ಬಳಿ ಮಾತ್ರ ಇದ್ದೀತು.

ಮಗುವಿನ ಹುಟ್ಟುಹಬ್ಬಕ್ಕೆ ವರ್ಷವರ್ಷವೂ ಚಿತ್ರ ತೆಗೆಸಿ ಜೋಪಾನ ಮಾಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅದೇ ಪುಸ್ತಕದಲ್ಲಿ ಎರಡು ಪುಟ ಒಂದು ಮರಕ್ಕೆ ಮೀಸಲಾಗಲಿ. ಲಾಲ್‌ಬಾಗು ದೂರವಾದವರಿಗೆ ಬಡಾವಣೆಯ ಪಾರ್ಕು ಇದೆ. ಅದೂ ಇಲ್ಲವಾದರೆ ಬಸ್ ನಿಲ್ದಾಣದ ಬೇವು ಇದೆ. ಮರವನ್ನು ಆರಿಸುವ ಅಧಿಕಾರವನ್ನು ಮಕ್ಕಳಿಗೇ ಕೊಡಿ. ಆರಿಸಿದ ಮರವನ್ನು ಅವರು ಸುಲಭವಾಗಿ ಬಿಡರು. ರಸ್ತೆ ಅಗಲ ಮಾಡುವಾಗ ಮೊದಲು ಕೊಡಲಿಗೆ ಬೀಳುವುದು ಹೆಸರಿಲ್ಲದ ಮರ. ಹುಟ್ಟುಹಬ್ಬದ ಚಿತ್ರಗಳುಳ್ಳ ಮರದ ಪರವಾಗಿ ನಾಲ್ಕು ಮಾತಾಡುವವರು ಇರುತ್ತಾರೆ.

“ನಮ್ಮ ಕಾಲದಲ್ಲಿ ಬೇವು ಇಷ್ಟು ಬೇಗ ಹೂ ಬಿಡುತ್ತಿರಲಿಲ್ಲ” ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಅದು ನಿಜವಿರಬಹುದು, ನೆನಪಿನ ಮೋಹವಿರಬಹುದು. ತೂಗಿ ನೋಡುವ ತಕ್ಕಡಿ ನಮ್ಮಲ್ಲಿಲ್ಲ. ಇಂದಿನ ಮಕ್ಕಳು ಅಜ್ಜ ಅಜ್ಜಿಯರಾದ ದಿನ ಅದೇ ಮಾತು ಹೇಳಬೇಕಾಗಿ ಬಂದರೆ, ತಾರೀಖು ಬರೆದ ಚಿತ್ರವೊಂದನ್ನು ಎದುರಿಗಿಟ್ಟು ಹೇಳುವಂತಾಗಲಿ.