ಆ ಸಾಲು ನಿರಪರಾಧಿ

ಕೋಲ್ಕತ್ತದ ಎಸ್ಪ್ಲನೇಡ್‌ನಲ್ಲಿ ಹಳದಿ ಟ್ಯಾಕ್ಸಿಗೆ ಕೈ ಅಡ್ಡ ಹಿಡಿಯುವ ಬದಲು ಈಗ ಯಾತ್ರಿ ಸಾಥಿ ಆ್ಯಪ್ ಒತ್ತಿದರಾಯಿತು. ಪಶ್ಚಿಮ ಬಂಗಾಳ ಸರ್ಕಾರ 2023ರಲ್ಲಿ ತಂದ ಈ ಆ್ಯಪ್‌ನ ಬುನಾದಿ ಬೆಂಗಳೂರಿನದು. ಜಸ್‌ಪೇ ಕಂಪನಿ ನಮ್ಮ ಆಟೊಗಳಿಗಾಗಿ ಕಟ್ಟಿದ ನಮ್ಮ ಯಾತ್ರಿಯೇ ಅದರ ಮೂಲ. ಸರ್ವರ್ ಕಡೆಯ ಕೋಡ್ ಇರುವುದು ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ. ಓಪನ್ ಸೋರ್ಸ್ ಆದ್ದರಿಂದ ಯಾರು ಬೇಕಾದರೂ ತೆರೆದು ಓದಬಹುದು. ಓದಿ ಉತ್ಸಾಹದಿಂದ ಕಲಿಯಲು ಕೂತವರನ್ನು ಎಬ್ಬಿಸಿ ಓಡಿಸುವುದು ಮಾತ್ರ ಆ ಭಾಷೆಯ ಟೈಪ್ ಎರರ್‌ಗಳು.

ಟೈಪ್ ಎಂದರೆ ಮೌಲ್ಯದ ಜಾತಿ: ಸಂಖ್ಯೆಯೋ, ಪಠ್ಯವೋ, ಪಟ್ಟಿಯೋ. ಕೆಲವು ಫಂಕ್ಷನ್‌ಗಳಿಗೆ ಇದರ ಗೊಡವೆಯೇ ಇಲ್ಲ. ಪಟ್ಟಿಯನ್ನು ಹಿಂದುಮುಂದು ಮಾಡುವ ಫಂಕ್ಷನ್‌ಗೆ ಒಳಗಿರುವುದು ಬಾಡಿಗೆಯಾದರೇನು, ಚಾಲಕರ ಹೆಸರಾದರೇನು? ‘ಯಾವುದೇ ಕ-ಗಳ ಪಟ್ಟಿ ಕೊಡಿ, ಕ-ಗಳ ಪಟ್ಟಿಯನ್ನೇ ವಾಪಸು ಕೊಡುತ್ತೇನೆ’ ಎಂಬುದು ಅದರ ಟೈಪ್. ಇದೇ ಪಾಲಿಮಾರ್ಫಿಸಂ. ನೀವು ಟೈಪ್ ಬರೆಯದಿದ್ದರೂ ಕಂಪೈಲರ್ ತಾನೇ ಊಹಿಸಿಕೊಳ್ಳುತ್ತದೆ. ಗಣಕ ವಿಜ್ಞಾನಿ ರಾಬಿನ್ ಮಿಲ್ನರ್ 1978ರಲ್ಲಿ ಪ್ರಕಟಿಸಿದ ವಿಧಾನವೇ ಇದರ ತಳಹದಿ. (ತರ್ಕಶಾಸ್ತ್ರಜ್ಞ ರೋಜರ್ ಹಿಂಡ್ಲಿ 1969ರಲ್ಲೇ ಇದೇ ಹಾದಿ ತುಳಿದಿದ್ದರು.)

ತಾಪತ್ರಯ ಇರುವುದು ಈ ಊಹೆಯಲ್ಲೇ. ಕನಿಷ್ಠ ಬಾಡಿಗೆ ತಿಳಿಸುವ ಫಂಕ್ಷನ್‌ನಲ್ಲಿ ನೀವು 30 ಎಂಬ ಸಂಖ್ಯೆಯನ್ನು ಕೈತಪ್ಪಿ ಉದ್ಧರಣ ಚಿಹ್ನೆಯೊಳಗೆ ಬರೆದಿರಿ ಎನ್ನಿ. ಅದು ಈಗ ಪಠ್ಯ. ಕಂಪೈಲರ್ ಚಕಾರವೆತ್ತದೆ ‘ಇದು ಪಠ್ಯ ಕೊಡುವ ಫಂಕ್ಷನ್’ ಎಂದು ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ. ಆ ಪಠ್ಯ ಪಟ್ಟಿಗೆ ಸೇರುತ್ತದೆ, ಪಟ್ಟಿ ಹಿಂದುಮುಂದಾಗುತ್ತದೆ. ಪಾಲಿಮಾರ್ಫಿಕ್ ಫಂಕ್ಷನ್‌ಗಳು ಯಾರನ್ನೂ ತಡೆದು ಕೇಳುವುದಿಲ್ಲವಲ್ಲ! ಎಲ್ಲೋ ಕೆಳಗೆ, ಒಟ್ಟು ಮೊತ್ತ ಕೂಡುವ ಸಾಲಿಗೆ ಬಂದಾಗ ಕಂಪೈಲರ್ ಕೂಗಿಕೊಳ್ಳುತ್ತದೆ. ಹೊಸಬರು ಆ ಸಾಲನ್ನೇ ತಿದ್ದಲು ಹೋಗಿ ಗೋಜಲು ಹೆಚ್ಚಿಸುತ್ತಾರೆ. ಅದು ಎರಡು ಊಹೆಗಳು ಡಿಕ್ಕಿ ಹೊಡೆದ ಜಾಗ ಅಷ್ಟೇ, ತಪ್ಪು ಹುಟ್ಟಿದ್ದು ಬೇರೆ ಕಡೆ. ಪ್ರತಿ ಫಂಕ್ಷನ್‌ನ ತಲೆಯ ಮೇಲೆ ಅದರ ಟೈಪ್ ಬರೆದಿಟ್ಟರೆ ತಪ್ಪು ಹುಟ್ಟಿದಲ್ಲೇ ಸಿಕ್ಕಿಬೀಳುತ್ತದೆ.

ಬರೆದ ಮೇಲೂ ಒಂದು ದೂರು ಬರುವುದುಂಟು: ಕ ಎಂಬುದನ್ನು ಕೂಡಲು ಬರುತ್ತದೆ ಎಂಬ ಭರವಸೆ ಇಲ್ಲ ಎಂದು. ನನಗೆ ಇದು ಎಲ್ಲಕ್ಕಿಂತ ನ್ಯಾಯವಾದ ದೂರು. ‘ಯಾವುದೇ ಕ’ ಎಂದು ಮಾತು ಕೊಟ್ಟವರು ನೀವು, ಒಳಗೆ ಅದಕ್ಕೆ 1 ಕೂಡಿಸಿದವರೂ ನೀವೇ. ಕ ಏನೆಂದು ನಿರ್ಧರಿಸುವ ಹಕ್ಕು ಫಂಕ್ಷನ್ ಬಳಸುವವರದು. ಮಾತನ್ನು ಸಂಖ್ಯೆಗೆ ಸೀಮಿತಗೊಳಿಸಿ, ಇಲ್ಲವೇ ‘ಕೂಡಲು ಬರುವ ಕ’ ಎಂಬ ಷರತ್ತು ಸೇರಿಸಿ.

ಅನಂತ ಟೈಪ್ ಎಂಬ ಹೆದರಿಸುವ ಎರರ್ ಕಂಡರೆ ಪಟ್ಟಿಯ ಆವರಣ ಎಲ್ಲೋ ಹೆಚ್ಚೋ ಕಡಿಮೆಯೋ ಆಗಿದೆಯೇ ಎಂದು ಮೊದಲು ನೋಡಿ. ಏನೂ ಹೊಳೆಯದಿದ್ದರೆ ಅನುಮಾನದ ತುಣುಕನ್ನು ತೆಗೆದು ಅಲ್ಲಿ ಒಂದು ಅಂಡರ್‌ಸ್ಕೋರ್ ಇಡಿ. ಆ ಜಾಗಕ್ಕೆ ಯಾವ ಟೈಪ್ ಬೇಕೆಂದು ಕಂಪೈಲರೇ ಹೇಳುತ್ತದೆ. 2014ರಲ್ಲಿ ಬಂದ ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿ 7.8ರಿಂದ ಈ ಸೌಲಭ್ಯ ಇದೆ, ಬಳಸಿಕೊಳ್ಳಿ.